ಚರ್ಚು ಯಾರದ್ದು? ಮೊಂತಾಯು ಎಂಬ ಬೆಟ್ಟದೂರಿನ ಲೆಕ್ಕ

ಫ್ರಾನ್ಸಿನ ದಕ್ಷಿಣದಂಚಿನ ಪಿರೆನೀಸ್ ಬೆಟ್ಟಗಳ ಉತ್ತರದ ತಪ್ಪಲಲ್ಲಿ ಕಿಯೆ ಎಂಬ ಹಳ್ಳಿ. 14ನೇ ಶತಮಾನದ ಮೊದಲ ಕಾಲು ಭಾಗದಲ್ಲಿ ಅಲ್ಲಿನ ರೈತ ರೇಮೋಂ ದ ಲಾಬುರಾನಿಗೆ ಚರ್ಚಿನೊಳಗೆ ಕಾಲಿಡಲು ಬಿಡಲಿಲ್ಲ. ಕುರಿಮರಿಗಳ ಮೇಲಿನ ದಶಾಂಶ, ಅಂದರೆ ಚರ್ಚಿಗೆ ಸಲ್ಲಬೇಕಾದ ಹತ್ತರಲ್ಲೊಂದು ಪಾಲು, ಕೊಡದವರಿಗೆ ಬಹಿಷ್ಕಾರ ಹಾಕಿದ್ದರು. ಅವನ ಸಿಟ್ಟು ನೇರವಾಗಿತ್ತು: ಈ ಗೋಡೆ ಕಟ್ಟಿದವರು ನಾವು, ಒಳಗೆ ಬೇಕಾದದ್ದನ್ನೆಲ್ಲ ಕೊಂಡು ತಂದವರು ನಾವು, ಗಂಟೆಯೂ ನಮ್ಮದೇ, ಈಗ ನಮ್ಮ ಚರ್ಚಿನಿಂದ ನಮ್ಮನ್ನೇ ಹೊರಗಟ್ಟಿ ಮಳೆಯಲ್ಲಿ ನಿಲ್ಲಿಸುತ್ತೀರಾ? ಬಿಷಪ್ಪರೂ ಪಾದ್ರಿಗಳೂ ಎಲ್ಲರೂ ಮುಸ್ಲಿಂ ದೊರೆಗಳ ಗ್ರನಾಡಾಕ್ಕೆ ಯುದ್ಧಕ್ಕೆ ಹೋಗಿಬಿಡಲಿ ಎಂದೂ ಅವನು ಅಂದುಬಿಟ್ಟ. ಈ ಮಾತು ಬಿಷಪ್ಪರ ಕಿವಿಗೆ ಬಿತ್ತು, ವಿಚಾರಣೆಯಾಯಿತು, ನೋಟರಿ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ. ಹಾಗಾಗಿ 700 ವರ್ಷಗಳ ನಂತರವೂ ಅದು ನಮ್ಮ ಕೈಗೆ ಸಿಗುತ್ತದೆ.

ಮಧ್ಯಯುಗದ ಹಳ್ಳಿಯ ಚರ್ಚು ಎಂದಾಗ ಕಣ್ಣ ಮುಂದೆ ಬರುವುದು ಕಲ್ಲಿನ ಕಟ್ಟಡ, ಗಂಟೆಗೋಪುರ, ಸುತ್ತ ಸಮಾಧಿಗಳು. ಲಾಬುರಾನ ಪ್ರಶ್ನೆ ಮಾತ್ರ ಒಡೆತನದ್ದು. ಒಂದೇ ಕಟ್ಟಡದ ಮೇಲೆ ಹಲವರ ಹಕ್ಕುಗಳಿದ್ದವು: ಕಲ್ಲು ಹೊತ್ತವರದ್ದು ಒಂದು, ದಶಾಂಶ ಎತ್ತುವವರದ್ದು ಇನ್ನೊಂದು, ಬೀಗದ ಕೈ ಇರುವವರದ್ದು ಮತ್ತೊಂದು. ಈ ಹಕ್ಕುಗಳು ಬೇರೆ ಬೇರೆ ಕೈಯಲ್ಲಿದ್ದರೆ ಊರಲ್ಲಿ ಜಗಳ. ಎಲ್ಲವೂ ಒಂದೇ ಮನೆಯ ಕೈ ಸೇರಿದರೆ ಏನಾಗುತ್ತದೆ ಎಂದು ನೋಡಲು ಕಿಯೆಯಿಂದ ಮೇಲಕ್ಕೆ, ಬೆಟ್ಟದ ಇನ್ನೊಂದು ಮೂಲೆಗೆ, ಮೊಂತಾಯುಗೆ ಹೋಗಬೇಕು.

ಊರು

ಮೊಂತಾಯು ಇಂದಿನ ಆರಿಯೇಜ್ ಜಿಲ್ಲೆಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿ. 1300ರ ಹೊತ್ತಿಗೆ ಅಲ್ಲಿದ್ದ ಜನ 200ರಿಂದ 250. ದಿಬ್ಬದ ತುದಿಯಲ್ಲಿ ಆ ಸೀಮೆಯ ದೊರೆಯಾದ ಫುವಾ ಕೌಂಟನ ಕೋಟೆ, ಅದರ ಕೆಳಗೆ ಇಳಿಜಾರಿನಲ್ಲಿ ಒತ್ತೊತ್ತಾಗಿ ಮನೆಗಳು. ಚರ್ಚು ಊರ ನಡುವೆ ಇರಲಿಲ್ಲ. ಕಾರ್ನೆಸ್‌ನ ಮಾತೆ ಮರಿಯಳ ಹೆಸರಿನ ರೊಮನೆಸ್ಕ್ ಎಂಬ ಹಳೆಯ ಶೈಲಿಯ ಆ ಚಿಕ್ಕ ಚರ್ಚು ಮನೆಗಳಿಗಿಂತ ಕೆಳಗೆ, ಹೊಲಗಳ ಕಡೆಗೆ, ಸ್ಮಶಾನದ ಜೊತೆಗಿತ್ತು. ಭಾನುವಾರ ಪೂಜೆಗೆ ಇಳಿಯಬೇಕು, ಮತ್ತೆ ಮನೆಗೆ ಹತ್ತಬೇಕು. ಆ ದಾರಿಯಲ್ಲೇ ಊರಿನ ಅರ್ಧ ಸುದ್ದಿ ಕೈ ಬದಲಾಗುತ್ತಿತ್ತು.

ಗೋಧಿ, ಓಟ್ಸ್, ಟರ್ನಿಪ್ ಗಡ್ಡೆ ಬೆಳೆಯುತ್ತಿದ್ದರು. ಆ ಚಳಿಗೆ ದ್ರಾಕ್ಷಿ ಬರುವುದಿಲ್ಲ, ಆದ್ದರಿಂದ ವೈನು ಕೆಳಗಿನ ತರಾಸ್ಕೋಂ, ಪಾಮಿಯೆ ಕಡೆಯಿಂದ ಹೇಸರಗತ್ತೆಯ ಬೆನ್ನ ಮೇಲೆ ಬರಬೇಕಿತ್ತು. ಊರಲ್ಲಿ ಹಿಟ್ಟಿನ ಗಿರಣಿಯೂ ಇಲ್ಲ, ಕಾಳು ಹೊತ್ತು ಆಕ್ಸ್ ಪೇಟೆಗೆ ಹೋಗಬೇಕು. ನಿಜವಾದ ಸಂಪತ್ತು ಕುರಿ. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲಿಗೆ, ಚಳಿಗಾಲದಲ್ಲಿ ದೂರದ ಬಯಲಿಗೆ, ಕೆಲವೊಮ್ಮೆ ಬೆಟ್ಟ ದಾಟಿ ಕ್ಯಾಟಲೋನಿಯಾದ ಕಡೆಗೂ ಹಿಂಡು ಹೋಗುತ್ತಿತ್ತು. ಈ ಅಲೆದಾಟ ಚರ್ಚಿನ ಲೆಕ್ಕವನ್ನು ಎಷ್ಟು ಗೋಜಲು ಮಾಡುತ್ತಿತ್ತು ಎಂಬುದನ್ನು ಮುಂದೆ ನೋಡೋಣ.

ಆ ಜನ ತಮ್ಮ ಮನೆಯನ್ನು ಓಸ್ತಾಲ್ ಎನ್ನುತ್ತಿದ್ದರು. ಅದು ಗೋಡೆ-ಸೂರಷ್ಟೇ ಅಲ್ಲ; ಕುಲ, ಆಸ್ತಿ, ಮರ್ಯಾದೆ, ಅದೃಷ್ಟ ಎಲ್ಲವೂ ಅದರಲ್ಲಿ ಸೇರಿತ್ತು. ಕನ್ನಡದ ‘ಮನೆ’ ಮತ್ತು ‘ಮನೆತನ’ ಎರಡನ್ನೂ ಒಂದೇ ಪದದಲ್ಲಿ ಹಿಡಿದಂತೆ. ಚರ್ಚಿಗೂ ಓಸ್ತಾಲಿಗೂ ಇದ್ದ ನಂಟು ಗೊತ್ತಾಗದೆ ಮೊಂತಾಯು ಅರ್ಥವಾಗುವುದಿಲ್ಲ.

ಧರ್ಮಕೇಂದ್ರ ಎಂದರೆ ಒಂದು ಗಡಿ

ಇಂದು ಕ್ರೈಸ್ತರಲ್ಲದ ಓದುಗರಿಗೆ ಧರ್ಮಕೇಂದ್ರ (‘ಪ್ಯಾರಿಷ್’) ಅಂದರೆ ಒಂದು ಚರ್ಚು. ಮಧ್ಯಯುಗದಲ್ಲಿ ಅದು ಮೊದಲಿಗೆ ಒಂದು ಗಡಿರೇಖೆ. ಆ ಗಡಿಯೊಳಗೆ ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಅಲ್ಲಿನ ಚರ್ಚಿನಲ್ಲೇ ಆಗಬೇಕು. ಅಲ್ಲಿ ಸತ್ತವನನ್ನು ಅಲ್ಲಿನ ಸ್ಮಶಾನದಲ್ಲೇ ಹೂಳಬೇಕು. ಅಲ್ಲಿ ಬೆಳೆದ ಬೆಳೆಯ ಹತ್ತರಲ್ಲೊಂದು ಭಾಗ ಅಲ್ಲಿನ ಚರ್ಚಿನ ಲೆಕ್ಕಕ್ಕೇ ಸೇರಬೇಕು. ಪಕ್ಕದೂರಿನ ಪಾದ್ರಿ ಎಷ್ಟೇ ಒಳ್ಳೆಯವನಾದರೂ ಅವನ ಬಳಿ ಹೋಗುವಂತಿಲ್ಲ.

1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಈ ಗಡಿಯನ್ನು ಇನ್ನೂ ಬಿಗಿ ಮಾಡಿತು. ಅದರ 21ನೇ ಕಟ್ಟಳೆಯ ಪ್ರಕಾರ, ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ವರ್ಷಕ್ಕೆ ಒಮ್ಮೆಯಾದರೂ ‘ತಮ್ಮದೇ ಪಾದ್ರಿ’ಯ ಬಳಿ ಪಾಪನಿವೇದನೆ ಮಾಡಬೇಕು, ಈಸ್ಟರ್ ಹಬ್ಬಕ್ಕೆ ಪರಮಪ್ರಸಾದ ಸ್ವೀಕರಿಸಬೇಕು. ತಪ್ಪಿದರೆ ಬದುಕಿರುವಾಗ ಚರ್ಚಿಗೆ ಪ್ರವೇಶವಿಲ್ಲ, ಸತ್ತ ಮೇಲೆ ಪವಿತ್ರ ನೆಲವಿಲ್ಲ. ಗಮನಿಸಬೇಕಾದ್ದು ‘ತಮ್ಮದೇ’ ಎಂಬ ಪದ. ಊರಿನ ಪ್ರತಿ ಮನೆಯ ಒಳಗುಟ್ಟು ಒಬ್ಬನೇ ಮನುಷ್ಯನ ಕಿವಿಗೆ ಹೋಗುವ ದಾರಿ ಇಲ್ಲಿ ತೆರೆಯಿತು.

ಮೊಂತಾಯು ಇದ್ದ ಸಬಾರ್ತೆಸ್ ಸೀಮೆ ಮೊದಲು ತುಲೂಸ್ ಬಿಷಪ್ಪರ ಕೆಳಗಿತ್ತು. ತುಲೂಸ್ ಧರ್ಮಪ್ರಾಂತ ತೀರ ದೊಡ್ಡದು, ಬೆಟ್ಟದೂರುಗಳಿಗೆ ಬಿಷಪ್ಪರ ಮುಖ ಕಾಣುವುದೇ ಅಪರೂಪ. 1295ರಲ್ಲಿ ಪೋಪ್ 8ನೇ ಬೋನಿಫೇಸ್ ಅದನ್ನು ಒಡೆದು ಪಾಮಿಯೆ ಎಂಬ ಹೊಸ ಧರ್ಮಪ್ರಾಂತ ಮಾಡಿದರು. ಊರ ಜನಕ್ಕೆ ಇದರ ಅರ್ಥ ಒಂದೇ: ದೂರದಲ್ಲಿದ್ದ ಬಿಷಪ್ ಹತ್ತಿರ ಬಂದ, ಅವನ ಜೊತೆಗೆ ಅವನ ಲೆಕ್ಕಿಗರೂ ಹತ್ತಿರ ಬಂದರು.

ದಶಾಂಶದ ಗಣಿತ

ದಶಾಂಶ ಎಂಬುದು ಬೈಬಲಿನಷ್ಟು ಹಳೆಯ ಕಲ್ಪನೆ. ಫ್ರಾಂಕರ ರಾಜ್ಯದಲ್ಲಿ ಅದನ್ನು ಕಾನೂನಾಗಿ ಗಟ್ಟಿ ಮಾಡಿದ್ದು 779ರಲ್ಲಿ ಶಾರ್ಲಮೇನ್ ಹೆರ್ಸ್ತಾಲ್‌ನಲ್ಲಿ ಹೊರಡಿಸಿದ ಶಾಸನ. ಹತ್ತರಲ್ಲೊಂದು ಎಂದರೆ ಹತ್ತು ಶೇಕಡಾ, ಅಷ್ಟೇನೂ ಭಾರವಲ್ಲ ಎನಿಸಬಹುದು. ಆದರೆ ಅದು ಒಟ್ಟು ಬೆಳೆಯ ಮೇಲೆ, ಬಿತ್ತನೆ ಬೀಜ ತೆಗೆದಿಡುವ ಮೊದಲೇ.

ಒಂದು ಲೆಕ್ಕ ಹಾಕೋಣ. ಬೆಟ್ಟದ ತೆಳು ಮಣ್ಣಿನಲ್ಲಿ ಒಂದು ಅಳತೆ ಬಿತ್ತಿದರೆ ನಾಲ್ಕು ಅಳತೆ ಬಂದರೆ ಸಮಾಧಾನ ಪಡಬೇಕಾದ ಕಾಲ ಅದು. 100 ಸಿವುಡು ಬೆಳೆ ಬಂತೆನ್ನಿ. 25 ಸಿವುಡು ಮುಂದಿನ ವರ್ಷದ ಬೀಜಕ್ಕೇ ಬೇಕು. ನಿಜವಾಗಿ ತಿನ್ನಲು ಉಳಿಯುವುದು 75. ದಶಾಂಶ ಮಾತ್ರ 100ರ ಮೇಲೆ, ಅಂದರೆ 10 ಸಿವುಡು. ಊಟದ ಪಾಲಿನಿಂದ ಹೋದದ್ದು ಶೇ. 13ಕ್ಕೂ ಹೆಚ್ಚು. ಬೆಳೆ ಕೆಟ್ಟ ವರ್ಷದಲ್ಲಿ ಒಂದಕ್ಕೆ ಎರಡೇ ಬಂದರೆ? ಅದೇ ಹೊಲದಲ್ಲಿ 50 ಸಿವುಡು, ಬೀಜಕ್ಕೆ 25, ದಶಾಂಶ 5, ಉಳಿದದ್ದು 20. ಊಟದ ಪಾಲಿನ ಐದರಲ್ಲೊಂದು ಹೋಯಿತು. ಬೆಳೆ ಕಡಿಮೆಯಾದಷ್ಟೂ ದಶಾಂಶದ ಹೊರೆ ಪ್ರಮಾಣದಲ್ಲಿ ಹೆಚ್ಚುತ್ತದೆ. ರೈತರ ಸಿಟ್ಟಿಗೆ ಕೇವಲ ಜಿಪುಣತನ ಕಾರಣವಲ್ಲ ಎಂಬುದು ಈ ಅಂಕಿಗಳನ್ನು ಬರೆದು ನೋಡಿದಾಗಲೇ ತಿಳಿಯುವುದು.

ವಸೂಲಿಯ ರೀತಿಯೂ ಜಗಳಕ್ಕೆ ಹೇಳಿ ಮಾಡಿಸಿದಂತಿತ್ತು. ಸಾಮಾನ್ಯ ಪದ್ಧತಿಯಲ್ಲಿ ಕೊಯ್ದ ಬೆಳೆಯನ್ನು ಸಿವುಡು ಕಟ್ಟಿ ಹೊಲದಲ್ಲೇ ಬಿಡಬೇಕು, ದಶಾಂಶದವನು ಬಂದು ಎಣಿಸಿ ಹತ್ತನೆಯದನ್ನು ಎತ್ತುವ ತನಕ ರೈತ ಸಾಗಿಸುವಂತಿಲ್ಲ. ಅವನು ತಡ ಮಾಡಿದರೆ, ನಡುವೆ ಮಳೆ ಬಂದರೆ, ಒಂಬತ್ತು ಪಾಲೂ ನೆನೆಯುತ್ತದೆ. ರೈತರೂ ಸುಮ್ಮನಿರುತ್ತಿರಲಿಲ್ಲ: ಹತ್ತನೆಯ ಸಿವುಡನ್ನು ಸಣ್ಣದಾಗಿ ಕಟ್ಟುವುದು, ಹೊಲದ ಅಂಚಿನ ಕಳೆಮಿಶ್ರಿತ ಪೈರನ್ನು ಅದರಲ್ಲಿ ತುಂಬುವುದು ಯುರೋಪಿನ ಉದ್ದಗಲಕ್ಕೂ ಕೇಳಿಬರುತ್ತಿದ್ದ ದೂರು.

ಕುರಿಯ ಲೆಕ್ಕ ಇನ್ನೂ ತೊಡಕು. ಸಬಾರ್ತೆಸ್‌ನಲ್ಲಿ ಪ್ರಾಣಿಗಳ ಮೇಲಿನ ದಶಾಂಶಕ್ಕೆ ಕಾರ್ನೆಲಾಜ್ ಎಂಬ ಹೆಸರಿತ್ತು. ಹತ್ತು ಮರಿಗೆ ಒಂದು ಮರಿ ಸರಿ, ಏಳೇ ಹುಟ್ಟಿದರೆ ಮರಿಯನ್ನು ಕತ್ತರಿಸಲಾಗುತ್ತದೆಯೇ? ಅಂಥ ಕಡೆ ದುಡ್ಡು ಕಟ್ಟಿಸಿಕೊಳ್ಳುವುದು ಅಥವಾ ಮುಂದಿನ ವರ್ಷಕ್ಕೆ ಎಣಿಕೆ ಮುಂದುವರಿಸುವುದು ರೂಢಿ. ಹಿಂಡು ಚಳಿಗಾಲವನ್ನು ಒಂದು ಧರ್ಮಕೇಂದ್ರದಲ್ಲಿ, ಬೇಸಿಗೆಯನ್ನು ಇನ್ನೊಂದರಲ್ಲಿ ಕಳೆದರೆ ಉಣ್ಣೆಯ ಪಾಲು ಯಾರಿಗೆ, ಮರಿಯ ಪಾಲು ಯಾರಿಗೆ? ಎರಡೂ ಚರ್ಚುಗಳು ಕೈ ಚಾಚುವವು. ಕುರಿಯನ್ನೇ ನಂಬಿದ ಸೀಮೆಯಲ್ಲಿ ಬಿಷಪ್ಪರು ಕಾರ್ನೆಲಾಜನ್ನು ಬಿಗಿಯಾಗಿ ಕೇಳತೊಡಗಿದಾಗ ಅದು ನೇರ ಬೆನ್ನೆಲುಬಿಗೇ ಬಿತ್ತು. ಹಿಂದಿನ ಫುವಾ ಕೌಂಟರು ಪಾದ್ರಿಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದರು, ಆಗ ಈ ಕಾಟ ಇರಲಿಲ್ಲ ಎಂದು ಜನ ಹಳೆಯ ಕಾಲ ನೆನೆದು ಹಲುಬುತ್ತಿದ್ದರು.

ಕೊಡದವನಿಗೆ ಬಹಿಷ್ಕಾರ. ಅದು ಬರೀ ಬಾಯಿಮಾತಲ್ಲ. ಪೂಜೆಗೆ ಬರುವಂತಿಲ್ಲ, ಪ್ರಸಾದ ಇಲ್ಲ, ಆ ಸ್ಥಿತಿಯಲ್ಲೇ ಸತ್ತರೆ ಅಪ್ಪ-ಅಜ್ಜಂದಿರ ಪಕ್ಕದಲ್ಲಿ ಜಾಗ ಇಲ್ಲ. ಲಾಬುರಾ ಬಾಗಿಲಲ್ಲಿ ಕೂಗಾಡಿದ್ದಕ್ಕೆ ಕಾರಣ ಇದು. ಅದೇ ಕಿಯೆ ಊರಿನಲ್ಲಿ ಈಸ್ಟರ್ ಹಬ್ಬದ ದೊಡ್ಡ ಮೇಣದ ಬತ್ತಿಗೆ ಊರಿನವರು ಹಣ ಹಾಕಬೇಕೆಂದು ಪಾದ್ರಿ ಒತ್ತಾಯಿಸಿದಾಗ, ಮೇಣ ಬೇಡ, ಕೊಬ್ಬಿನದೇ ಒಂದು ಪುಟ್ಟ ಬತ್ತಿ ಮಾಡಿ ಕೊಡುತ್ತೇವೆ ಎಂದು ಜನ ವ್ಯಂಗ್ಯವಾಡಿದರು. ಪೂಜೆಗೆ ಜೇನುಮೇಣವೇ ಆಗಬೇಕು, ಅದು ದುಬಾರಿ. ಕೊಬ್ಬಿನ ಬತ್ತಿ ಬಡವರ ಅಡುಗೆಮನೆಯದು. ಬೈಗುಳ ಎಷ್ಟು ಚುಚ್ಚುವಂತಿತ್ತು ಎಂಬುದು ಆ ವ್ಯತ್ಯಾಸದಲ್ಲಿದೆ.

ಕಟ್ಟಡದ ಖರ್ಚು

ಫ್ರಾನ್ಸಿನ ಬಹಳ ಕಡೆ ಒಂದು ರೂಢಿ ಬೆಳೆದಿತ್ತು: ಬಲಿಪೀಠವಿರುವ ಪೂರ್ವದ ತುದಿಯ ದುರಸ್ತಿ ದಶಾಂಶ ಎತ್ತುವವನ ಹೊಣೆ, ಜನ ನಿಲ್ಲುವ ಉದ್ದನೆಯ ಅಂಗಣದ ದುರಸ್ತಿ ಊರಿನವರ ಹೊಣೆ. ಹಳೆಯ ಚರ್ಚುಗಳಲ್ಲಿ ಒಂದು ತುದಿ ಚೊಕ್ಕ ಕತ್ತರಿಸಿದ ಕಲ್ಲಿನದ್ದಾಗಿ, ಇನ್ನೊಂದು ತುದಿ ಒರಟು ಕಲ್ಲಿನದ್ದಾಗಿ ಕಂಡರೆ, ಕಟ್ಟಿದ ಕಾಲದ ಜೊತೆಗೆ ದುಡ್ಡು ಕೊಟ್ಟವರು ಯಾರೆಂದೂ ಕೇಳಿಕೊಳ್ಳಬೇಕು. ಊರಿನವರ ಪಾಲಿನ ಹಣ ನೋಡಿಕೊಳ್ಳಲು 13ನೇ ಶತಮಾನದಿಂದ ಫಾಬ್ರಿಕ್ ಎಂಬ ವ್ಯವಸ್ಥೆ ಹರಡಿತು. ಊರವರೇ ಆರಿಸಿದ ಕೆಲವರು ಎಣ್ಣೆ, ಬತ್ತಿ, ಹೆಂಚು, ಗಂಟೆಯ ಹಗ್ಗದ ಲೆಕ್ಕ ಇಡುತ್ತಿದ್ದರು.

ಬೆಟ್ಟದೂರುಗಳ ರೊಮನೆಸ್ಕ್ ಚರ್ಚು ಸಾಮಾನ್ಯವಾಗಿ ಒಂದೇ ಅಂಗಣ, ಪೂರ್ವಕ್ಕೆ ಅರೆವೃತ್ತದ ಗರ್ಭಾಂಗಣ, ದಪ್ಪ ಗೋಡೆ, ಕಿರಿದಾದ ಕಿಟಕಿ. ಗೋಡೆ ದಪ್ಪವಿರುವುದು ಚಳಿಗೆಂದು ಹಲವರು ಭಾವಿಸುತ್ತಾರೆ. ಮುಖ್ಯ ಕಾರಣ ಕಮಾನಿನ ಚಾವಣಿ. ಅರ್ಧ ಪೀಪಾಯಿಯಂತಿರುವ ಕಲ್ಲಿನ ಕಮಾನು ಕೆಳಗೆ ಮಾತ್ರವಲ್ಲ, ಎರಡೂ ಪಕ್ಕಕ್ಕೆ ಗೋಡೆಯನ್ನು ದೂಡುತ್ತದೆ. ಗೋಡೆ ತೆಳುವಾದರೆ ಮೇಲ್ತುದಿ ಹೊರಕ್ಕೆ ವಾಲಿ, ಕಮಾನಿನ ನೆತ್ತಿ ಬಿರುಕು ಬಿಟ್ಟು, ಒಂದು ಚಳಿಗಾಲದ ಹಿಮದ ಭಾರಕ್ಕೆ ಕುಸಿಯುತ್ತದೆ. ಕಿಟಕಿ ಕಿರಿದು ಮಾಡಿದ್ದೂ ಇದಕ್ಕೇ. ದೊಡ್ಡ ತೂತು ಎಂದರೆ ಆ ದೂಡುವಿಕೆಯನ್ನು ತಡೆಯುವ ಕಲ್ಲು ಅಷ್ಟು ಕಡಿಮೆ. ಬಡ ಊರುಗಳು ಕಮಾನಿನ ಗೋಜಿಗೇ ಹೋಗದೆ ಅಂಗಣಕ್ಕೆ ಮರದ ಸೂರು ಹಾಕಿ, ಗರ್ಭಾಂಗಣಕ್ಕೆ ಮಾತ್ರ ಕಲ್ಲಿನ ಕಮಾನು ಉಳಿಸಿಕೊಳ್ಳುತ್ತಿದ್ದವು. ಗಂಟೆಗೋಪುರಕ್ಕೆ ಹಣ ಸಾಲದಿದ್ದರೆ ಪಶ್ಚಿಮದ ಗೋಡೆಯನ್ನೇ ಮೇಲಕ್ಕೆ ಎತ್ತಿ, ಅದರಲ್ಲಿ ಕಿಂಡಿ ಬಿಟ್ಟು ಗಂಟೆ ತೂಗುಹಾಕುತ್ತಿದ್ದರು. ದಕ್ಷಿಣ ಫ್ರಾನ್ಸಿನ ಹಳ್ಳಿಗಳಲ್ಲಿ ಈ ಗಂಟೆಗೋಡೆ ಇಂದಿಗೂ ಕಣ್ಣಿಗೆ ಬೀಳುತ್ತದೆ.

ಕ್ಲೆರ್ಗ್ ಮನೆ

ಈಗ ಮೊಂತಾಯುಗೆ ಮರಳೋಣ. 1300ರ ಆಸುಪಾಸಿನಲ್ಲಿ ಅಲ್ಲಿನ ಪಾದ್ರಿ ಪಿಯೆರ್ ಕ್ಲೆರ್ಗ್. ಹೊರಗಿನಿಂದ ಬಂದವನಲ್ಲ, ಊರಿನ ಅತಿ ಬಲಿಷ್ಠ ಓಸ್ತಾಲಿನ ಮಗ. ಅವನ ಸಹೋದರ ಬೆರ್ನಾರ್ ಕ್ಲೆರ್ಗ್ ಊರಿನ ಬೈಲ್, ಅಂದರೆ ಕೌಂಟನ ಪರವಾಗಿ ಕಂದಾಯ ಎತ್ತುವ, ಸಣ್ಣಪುಟ್ಟ ನ್ಯಾಯ ತೀರಿಸುವ ಅಧಿಕಾರಿ. ದಶಾಂಶದ ವಸೂಲಿಯೂ ಬೆರ್ನಾರನದೇ. ದೇವರ ಪಾಲು, ದೊರೆಯ ಪಾಲು, ಪಾಪನಿವೇದನೆಯ ಗುಟ್ಟು, ಚರ್ಚಿನ ಬೀಗದ ಕೈ, ನಾಲ್ಕೂ ಒಂದೇ ಒಲೆಯ ಮುಂದೆ ಕೂತವು.

ಇದರ ಮೇಲೆ ಇನ್ನೊಂದು ಪದರವಿದೆ. ಊರಿನ ಹೆಚ್ಚಿನ ಮನೆಗಳು ಕ್ಯಾಥರ್ ಪಂಥದ ಕಡೆ ವಾಲಿದ್ದವು, ಕ್ಲೆರ್ಗ್ ಮನೆಯೂ ಸೇರಿ. ಈ ಲೋಕ, ಈ ದೇಹ ದುಷ್ಟಶಕ್ತಿಯ ಸೃಷ್ಟಿ, ನೀರಿನ ದೀಕ್ಷಾಸ್ನಾನಕ್ಕೆ ಬೆಲೆಯಿಲ್ಲ, ಪಾದ್ರಿಯ ರೊಟ್ಟಿ ಬರೀ ರೊಟ್ಟಿ ಎಂದು ಕ್ಯಾಥರರು ಹೇಳುತ್ತಿದ್ದರು. ಮಾಂಸ, ಕಾಮ, ಸುಳ್ಳು ಬಿಟ್ಟು ಬದುಕುವ ಅವರ ಗುರುಗಳನ್ನು ಜನ ‘ಸಜ್ಜನರು’ ಎನ್ನುತ್ತಿದ್ದರು. ಸಾಯುವ ಹೊತ್ತಿನಲ್ಲಿ ಒಬ್ಬ ಸಜ್ಜನ ತಲೆಯ ಮೇಲೆ ಕೈಯಿಟ್ಟು ಕೊನ್ಸೋಲಾಮೆಂತುಮ್ ಎಂಬ ದೀಕ್ಷೆ ಕೊಟ್ಟರೆ ಆತ್ಮಕ್ಕೆ ಬಿಡುಗಡೆ. 1209ರಿಂದ 1229ರ ತನಕ ಕ್ಯಾಥರರ ವಿರುದ್ಧ ನಡೆದ ಧರ್ಮಯುದ್ಧ, 1244ರಲ್ಲಿ ಮೋಂಸೆಗೂರ್ ಕೋಟೆಯ ಪತನ, ಅಲ್ಲಿ 200ಕ್ಕೂ ಹೆಚ್ಚು ಜನರ ದಹನ, ಇಷ್ಟಾದರೂ ಬೆಟ್ಟದ ಸಂದಿಗಳಲ್ಲಿ ಪಂಥ ಉಳಿದಿತ್ತು. 1300ರ ಸುಮಾರಿಗೆ ಆಕ್ಸ್ ಪೇಟೆಯ ನೋಟರಿ ಪಿಯೆರ್ ಓತಿಯೆ ಮತ್ತು ಅವನ ತಮ್ಮ ಇಟಲಿಯ ಲೊಂಬಾರ್ಡಿಯಿಂದ ಸಜ್ಜನರಾಗಿ ಮರಳಿ ಅದಕ್ಕೆ ಮತ್ತೆ ಗಾಳಿ ಊದಿದರು.

ಕ್ಯಾಥೊಲಿಕ್ ಪಾದ್ರಿಯೇ ಕ್ಯಾಥರ್ ಆದರೆ ಧರ್ಮಕೇಂದ್ರ ನಡೆಯುವುದು ಹೇಗೆ? ನಡೆಯುತ್ತಿತ್ತು, ಅದೂ ಸಲೀಸಾಗಿ. ಭಾನುವಾರ ಪೂಜೆ, ಹಬ್ಬಗಳು, ಮದುವೆ, ದೀಕ್ಷಾಸ್ನಾನ ಎಲ್ಲವೂ ತಪ್ಪದೆ ಆಗುತ್ತಿದ್ದವು. ಕೋಟೆಯ ಅಧಿಕಾರಿಯ ವಿಧವೆ, ಪಿಯೆರನ ಪ್ರೇಯಸಿ ಬೆಯಾತ್ರಿಸ್ ದ ಪ್ಲಾನಿಸೋಲ್ ಮುಂದೆ ಕೊಟ್ಟ ಹೇಳಿಕೆಯ ಪ್ರಕಾರ, ಪಾಪ ಕ್ಷಮಿಸುವುದು ದೇವರೊಬ್ಬನಿಗೇ ಸಾಧ್ಯ ಎಂದು ಅವನೇ ಹೇಳುತ್ತಿದ್ದ, ಆದರೂ ಆದಾಯ ತಪ್ಪಬಾರದೆಂದು ಪಾಪನಿವೇದನೆ ಕೇಳುತ್ತಿದ್ದ. ದಶಾಂಶದ ಗೋಧಿಯಲ್ಲಿ ಒಂದು ಪಾಲು ಗುಟ್ಟಾಗಿ ಸಜ್ಜನರಿಗೆ ಹೋಗುತ್ತಿತ್ತು ಎಂಬ ಸಾಕ್ಷ್ಯವೂ ಇದೆ. ಚರ್ಚಿನ ತೆರಿಗೆಯೇ ಚರ್ಚಿನ ವೈರಿಗಳನ್ನು ಸಾಕಿತು. ಎತ್ತುವವನೂ ಲೆಕ್ಕ ನೋಡುವವನೂ ಅಣ್ಣತಮ್ಮಂದಿರಾದರೆ ಕೇಳುವವರಾರು?

ಬೀಗದ ಕೈ ಎಂದೆನಲ್ಲ, ಅದಕ್ಕೊಂದು ಪ್ರಸಂಗ. ಪಕ್ಕದ ಪ್ರಾದ್ ಊರಿನ ಸಂತ ಪೇತ್ರರ ಚರ್ಚಿನೊಳಗೆ ಪಿಯೆರ್ ಒಂದು ರಾತ್ರಿ ಹಾಸಿಗೆ ಹಾಸಿಸಿ ಬೆಯಾತ್ರಿಸಳನ್ನು ಕರೆಸಿಕೊಂಡ. ಸಂತ ಪೇತ್ರರ ಚರ್ಚಿನಲ್ಲೇ ಇಂಥದ್ದೇ ಎಂದು ಅವಳು ಬೆಚ್ಚಿದಾಗ, ಅದರಿಂದ ಅವರಿಗೇನು ಮಹಾ ನಷ್ಟ ಎಂಬರ್ಥದ ಉತ್ತರ ಕೊಟ್ಟನಂತೆ. ಅದೇ ಬೆಯಾತ್ರಿಸ್ ಹೆರಿಗೆಯಾದ ಮೇಲಿನ ಶುದ್ಧೀಕರಣಕ್ಕೆ ಕಾರ್ನೆಸ್ ಮಾತೆಗೆ ಬಣ್ಣದ ಮೇಣದ ಬತ್ತಿ ಒಯ್ದವಳು. ಭಕ್ತಿ ಒಂದು ಕಡೆ, ಪಾದ್ರಿ ಒಂದು ಕಡೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದರಲ್ಲಿ ಆ ಜನಕ್ಕೆ ಅಂಥ ತೊಡಕೇನೂ ಕಂಡಿಲ್ಲ.

ಸಾವಿನ ವಿಷಯದಲ್ಲಿ ಓಸ್ತಾಲ್ ಮತ್ತು ಚರ್ಚಿನ ಹೆಣಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಪಿಯೆರನ ತಂದೆ ಪೋನ್ಸ್ ಸತ್ತಾಗ, ಮನೆಯ ಅದೃಷ್ಟ ಹೆಣದ ಜೊತೆ ಹೊರಗೆ ಹೋಗದಿರಲೆಂದು ಅವನ ಕೂದಲು, ಉಗುರಿನ ಚೂರುಗಳನ್ನು ಕತ್ತರಿಸಿ ಮನೆಯಲ್ಲೇ ಇಟ್ಟುಕೊಂಡರು. ತಾಯಿ ಮೆಂಗಾರ್ದ್ ಸತ್ತಾಗ ಅವಳನ್ನು ಕಾರ್ನೆಸ್ ಚರ್ಚಿನೊಳಗೆ, ಮರಿಯಳ ಬಲಿಪೀಠದ ಬುಡದಲ್ಲೇ ಹೂಳಲಾಯಿತು. ಚರ್ಚಿನ ಒಳಗೆ ಸಮಾಧಿ ಎಂದರೆ ಪಾದ್ರಿಗಳಿಗೆ, ಪೋಷಕರಿಗೆ ಮಾತ್ರ ಸಲ್ಲುವ ಗೌರವ. ಸಜ್ಜನರಿಗೆ ಅನ್ನ ಹಾಕಿದವಳೆಂದು ಹೆಸರಾದ ಹೆಂಗಸಿಗೆ ಊರಿನ ಅತಿ ಪವಿತ್ರ ನೆಲ ಸಿಕ್ಕಿತು. ಜನ ಗುಸುಗುಸು ಮಾತಾಡಿದರು, ತಡೆಯಲಿಲ್ಲ. ‘ಚರ್ಚು ಯಾರದ್ದು’ ಎಂಬ ಪ್ರಶ್ನೆಗೆ ಮೊಂತಾಯುವಿನಲ್ಲಿ ಇದ್ದ ಉತ್ತರ ಆ ಬಲಿಪೀಠದ ಕೆಳಗಿತ್ತು.

ವಿಚಾರಣೆ

ಧರ್ಮಕೇಂದ್ರವನ್ನು ಕಾವಲಿನ ಜಾಲವಾಗಿ ಬಳಸುವ ಯೋಜನೆ ಹೊಸದೇನಲ್ಲ. 1229ರ ತುಲೂಸ್ ಸಭೆಯೇ ಅದನ್ನು ಬರೆದಿಟ್ಟಿತ್ತು: ಪ್ರತಿ ಧರ್ಮಕೇಂದ್ರದಲ್ಲಿ ಒಬ್ಬ ಪಾದ್ರಿ, ಎರಡು ಮೂರು ಸಾಮಾನ್ಯರು ಸೇರಿ ಪಾಷಂಡಿಗಳನ್ನು ಹುಡುಕಬೇಕು; 14 ದಾಟಿದ ಗಂಡಸರು, 12 ದಾಟಿದ ಹೆಂಗಸರು ಎಲ್ಲರೂ ಪ್ರಮಾಣ ಮಾಡಬೇಕು; ವರ್ಷಕ್ಕೆ ಮೂರು ಸಲ ಪಾಪನಿವೇದನೆ, ಭಾನುವಾರದ ಪೂಜೆ ಕಡ್ಡಾಯ. ಕಾಗದದ ಮೇಲೆ ಪರಿಪೂರ್ಣ. ಇಡೀ ವ್ಯವಸ್ಥೆ ನಿಂತಿದ್ದದ್ದು ಪಾದ್ರಿ ನಿಷ್ಠನಾಗಿರುತ್ತಾನೆ ಎಂಬ ಒಂದೇ ಊಹೆಯ ಮೇಲೆ. ಮೊಂತಾಯುವಿನಲ್ಲಿ ಅದು ಮುರಿದದ್ದು ಅಲ್ಲೇ.

1308ರಲ್ಲಿ, ಪಾಷಂಡಿಗಳನ್ನು ವಿಚಾರಿಸಲು ಚರ್ಚು ನೇಮಿಸಿದ್ದ ಕಾರ್ಕಾಸೊನ್ನ ವಿಚಾರಣಾಧಿಕಾರಿ ಜೋಫ್ರುವಾ ದಾಬ್ಲಿ ಊರಿನ ವಯಸ್ಕರನ್ನೆಲ್ಲ ಒಟ್ಟಿಗೆ ಹಿಡಿಸಿದ. ಕೆಲವರು ಸೆರೆಗೆ ಹೋದರು, ಕೆಲವರು ಶಿಕ್ಷೆಯ ಗುರುತಾಗಿ ಬೆನ್ನಿಗೂ ಎದೆಗೂ ಹಳದಿ ಬಟ್ಟೆಯ ಶಿಲುಬೆ ಹೊಲಿದುಕೊಂಡು ತಿರುಗಬೇಕಾಯಿತು. ಪಾದ್ರಿ ಮಾತ್ರ ಪಾರಾದ, ಏಕೆಂದರೆ ಅಷ್ಟರಲ್ಲಿ ಅವನು ವಿಚಾರಣೆಯವರ ಜೊತೆ ಕೈಜೋಡಿಸಿದ್ದ. ಯಾರ ಹೆಸರು ಹೇಳಬೇಕು, ಯಾರದನ್ನು ಮುಚ್ಚಿಡಬೇಕು ಎಂಬುದು ಈಗ ಅವನ ಕೈಯಲ್ಲಿತ್ತು. ವೈರಿ ಮನೆಯವರಾದ ಮೋರ್ಸ್ ಕುಟುಂಬ ನೆಲಕಚ್ಚಿತು. ಪಾದ್ರಿಯ ಹಳೆಯ ಗುಟ್ಟು ಬಾಯಿಬಿಟ್ಟ ಆ ಮನೆಯ ಹೆಂಗಸಿನ ನಾಲಿಗೆ ಕತ್ತರಿಸಲಾಯಿತು ಎಂಬ ಸಾಕ್ಷ್ಯ ದಾಖಲೆಯಲ್ಲಿದೆ.

1317ರಲ್ಲಿ ಪಾಮಿಯೆಗೆ ಹೊಸ ಬಿಷಪ್ ಬಂದ: ಜಾಕ್ ಫೂರ್ನಿಯೆ. ಅದೇ ಸೀಮೆಯ ಸಾವೆರ್ದುನ್‌ನವನು, ಸಿಸ್ಟರ್ಶಿಯನ್ ಸನ್ಯಾಸಿ, ಫೋಂಫ್ರುವಾದ್ ಮಠದ ಮುಖ್ಯಸ್ಥನಾಗಿದ್ದವನು. ಜನರ ಓಕ್ಸಿತಾನ್ ಮಾತು ಅವನಿಗೆ ದುಭಾಷಿಯಿಲ್ಲದೆ ತಿಳಿಯುತ್ತಿತ್ತು. ವಿಚಾರಣಾಧಿಕಾರಿಯ ಜೊತೆ ಸ್ಥಳೀಯ ಬಿಷಪ್ಪರೂ ಸೇರಿ ಕೆಲಸ ಮಾಡಬೇಕೆಂದು 1312ರ ವಿಯೆನ್ ಮಹಾಸಭೆ ನಿರ್ಧರಿಸಿತ್ತು. ಅದನ್ನು ಹಿಡಿದು ಫೂರ್ನಿಯೆ ತನ್ನದೇ ನ್ಯಾಯಪೀಠ ಹೂಡಿದ. 1318ರಿಂದ 1325ರ ತನಕ 370 ದಿನ ಕಲಾಪ, 578 ವಿಚಾರಣೆ. ಅವುಗಳಲ್ಲಿ 418 ಆರೋಪಿಗಳವು, 160 ಸಾಕ್ಷಿಗಳವು. 98 ಕಡತಗಳಲ್ಲಿ 114 ಜನ ಸಿಕ್ಕಿಬಿದ್ದರು, ಅವರಲ್ಲಿ 25 ಮಂದಿ ಮೊಂತಾಯು ಒಂದೇ ಊರಿನವರು. ಇಕ್ಕಳ-ಹಗ್ಗಕ್ಕಿಂತ ಅವನು ನಂಬಿದ್ದು ಕಾಯುವಿಕೆಯನ್ನು: ಸೆರೆಯಲ್ಲಿಟ್ಟು, ಮತ್ತೆ ಕರೆಸಿ, ಅದೇ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಕೇಳುವುದು. ಐವರು ಬೆಂಕಿಗೆ ಹೋದರು. ನಾಲ್ವರು ಚರ್ಚು ಪಾಷಂಡವೆಂದ ಇನ್ನೊಂದು ಪಂಥವಾದ ವಾಲ್ಡೆನ್ಸಿಯನ್ನರು, ಒಬ್ಬ ಮೊಂತಾಯುವಿನ ಗಿಯೋಮ್ ಫೋರ್. 1320ರಲ್ಲಿ ಪಿಯೆರ್ ಕ್ಲೆರ್ಗನೂ ಸೆರೆಯಾದ, ಅಲ್ಲೇ ಸತ್ತ. ಸಹೋದರ ಬೆರ್ನಾರ್ 1324ರಲ್ಲಿ ಸೆರೆಯಲ್ಲೇ ತೀರಿಕೊಂಡ. ಬೆಯಾತ್ರಿಸ್ 1321ರಲ್ಲಿ ಸೆರೆ ಸೇರಿ ಮರುವರ್ಷ ಹಳದಿ ಶಿಲುಬೆಯೊಂದಿಗೆ ಹೊರಬಂದಳು.

ಇದೇ ಬಿಷಪ್ ಕಾರ್ನೆಲಾಜ್‌ಗಾಗಿ ಪಟ್ಟು ಹಿಡಿದವನು. ಪಾಷಂಡ ಹುಡುಕುವವನೂ ಕುರಿಮರಿ ಎಣಿಸುವವನೂ ಒಬ್ಬನೇ ಆದದ್ದರಿಂದ, ದಶಾಂಶದ ವಿರುದ್ಧದ ಗೊಣಗಾಟವೂ ಧರ್ಮವಿರೋಧದ ಕಡತ ಸೇರಿತು. ಲಾಬುರಾನಂಥ ರೈತನ ಮಾತು ಉಳಿದದ್ದು ಹಾಗೆ. 1334ರಲ್ಲಿ ಫೂರ್ನಿಯೆ 12ನೇ ಬೆನೆಡಿಕ್ಟ್ ಎಂಬ ಹೆಸರಿನಲ್ಲಿ ಪೋಪ್ ಆದ, ಅವಿನ್ಯೋನ್‌ನಲ್ಲಿರುವ ಪೋಪರ ಅರಮನೆಯ ಹಳೆಯ ಭಾಗ ಕಟ್ಟಿಸಿದ, 1342ರಲ್ಲಿ ತೀರಿಕೊಂಡ. ಅವನ ವಿಚಾರಣೆಯ ಪುಸ್ತಕವೂ ಪೋಪರ ಗ್ರಂಥಾಲಯ ಸೇರಿತು. ಈಗ ಅದು ವ್ಯಾಟಿಕನ್ನಿನಲ್ಲಿ 4030 ಸಂಖ್ಯೆಯ ಲ್ಯಾಟಿನ್ ಹಸ್ತಪ್ರತಿ. 1965ರಲ್ಲಿ ಅದರ ಪೂರ್ಣ ಪಾಠ ಅಚ್ಚಾಯಿತು.

ಈ ದಾಖಲೆಯನ್ನು ಓದುವುದು ಹೇಗೆ

ಸಾಮಾನ್ಯ ಹಳ್ಳಿಯ ಧರ್ಮಕೇಂದ್ರದ ಮಧ್ಯಯುಗದ ಇತಿಹಾಸ ಬರೆಯಲು ಹೊರಟವರಿಗೆ ಸಿಗುವುದು ಒಣ ಕಾಗದ: ದಾನಪತ್ರದಲ್ಲಿ ಊರಿನ ಹೆಸರು, ಆದಾಯದ ಪಟ್ಟಿಯಲ್ಲಿ ಒಂದು ಸಾಲು, ಬಿಷಪ್ಪರ ಭೇಟಿಯ ಟಿಪ್ಪಣಿ. ಫ್ರಾನ್ಸಿನಲ್ಲಿ ದೀಕ್ಷಾಸ್ನಾನದ ದಾಖಲೆ ಕಡ್ಡಾಯವಾದದ್ದೇ 1539ರಲ್ಲಿ, ಮದುವೆ ಮತ್ತು ಸಾವಿನದ್ದು 1579ರಲ್ಲಿ. ಅದಕ್ಕೂ ಹಿಂದಿನದು ಎಂದರೆ ಬರ್ಗಂಡಿಯ ಜಿವ್ರಿ ಊರಿನ 1334ರಿಂದ 1357ರ ಪುಸ್ತಕದಂಥ ಅಪರೂಪಗಳು. ಆ ಪುಸ್ತಕದಲ್ಲಿ 1348ರ ಪ್ಲೇಗ್ ಕೆಲವೇ ತಿಂಗಳಲ್ಲಿ 600ಕ್ಕೂ ಹೆಚ್ಚು ಹೆಸರುಗಳಾಗಿ ಸಾಲುಗಟ್ಟಿದೆ.

ಮೊಂತಾಯುವಿಗೆ ಅಂಥ ಪಟ್ಟಿ ಇಲ್ಲ, ಆದರೆ ದನಿಗಳಿವೆ. ಆ ದನಿಗಳು ನಮ್ಮನ್ನು ಮುಟ್ಟುವ ಮೊದಲು ಹಲವು ಜರಡಿ ಹಾದಿವೆ. ಹಳ್ಳಿಯವಳು ಓಕ್ಸಿತಾನ್‌ನಲ್ಲಿ ಹೇಳಿದಳು, ನೋಟರಿ ಲ್ಯಾಟಿನ್ನಿನಲ್ಲಿ ಗುರುತು ಹಾಕಿಕೊಂಡ, ಆಮೇಲೆ ಅದನ್ನು ಮತ್ತೆ ಅವಳ ಭಾಷೆಯಲ್ಲಿ ಓದಿ ಹೇಳಿ ತಿದ್ದಲು ಅವಕಾಶ ಕೊಟ್ಟರು, ಕೊನೆಗೆ ಚರ್ಮಪತ್ರಕ್ಕೆ ಶುದ್ಧ ಪ್ರತಿ ಏರಿತು. ‘ನಾನು’ ಎಂದದ್ದು ಎಷ್ಟೋ ಕಡೆ ‘ಅವಳು’ ಆಗಿದೆ. ಜೊತೆಗೆ ಹೇಳುವವರು ಸೆರೆಯಲ್ಲಿದ್ದವರು. ಸತ್ತವರ ಮೇಲೆ ತಪ್ಪು ಹೊರಿಸಿದರೆ ಬದುಕಿದ್ದವರಿಗೆ ಕ್ಷೇಮ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಒಬ್ಬರ ಆರೋಪವನ್ನು ಇನ್ನೊಬ್ಬರ ಹೇಳಿಕೆಯ ಪಕ್ಕ ಇಟ್ಟು ನೋಡದೆ ನಂಬಬಾರದು. ಉದ್ದೇಶವಿಲ್ಲದೆ ಬಾಯಿಂದ ಜಾರಿದ ವಿವರಗಳೇ, ಯಾರು ಎಲ್ಲಿ ಹಿಟ್ಟು ಬೀಸಿಸಿದರು, ಬತ್ತಿ ಯಾವ ಬಣ್ಣದ್ದಿತ್ತು ಎಂಬಂಥವೇ, ಹೆಚ್ಚು ನಂಬಲರ್ಹ. ಅವುಗಳಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭವಿರಲಿಲ್ಲ.

ಪ್ಲೇಗ್ ಈ ಬೆಟ್ಟಕ್ಕೂ ಹತ್ತಿತು. 1390ರ ಒಲೆಗಳ ಗಣತಿಯಲ್ಲಿ, ಅಂದರೆ ತೆರಿಗೆಗೆಂದು ಒಕ್ಕಲು ಎಣಿಸಿದ ಪಟ್ಟಿಯಲ್ಲಿ, ಮೊಂತಾಯುವಿಗೆ ಉಳಿದದ್ದು 23 ಒಲೆ. ಕೋಟೆ ಪಾಳುಬಿತ್ತು, ಅದರ ಬುಡದ ಇಳಿಜಾರಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಮುಂದಿನ ಶತಮಾನಗಳಲ್ಲಿ ಊರು ದಿಬ್ಬ ಬಿಟ್ಟು ಕೆಳಕ್ಕೆ ಜರುಗಿತು, ಒಂದು ಕಾಲಕ್ಕೆ ಇಳಿದು ಹೋಗಬೇಕಿದ್ದ ಚರ್ಚಿನ ಕಡೆಗೇ. ಮೇಲೆ ಕೋಟೆಯ ಗೋಡೆಯ ತುಂಡುಗಳು ನಿಂತಿವೆ; ಕೆಳಗೆ ಕಾರ್ನೆಸ್ ಮಾತೆಯ ಚರ್ಚು ಸ್ಮಶಾನದೊಡನೆ ಇದ್ದ ಜಾಗದಲ್ಲೇ ಇದೆ.